ಒಂಬತ್ತು ಅಲಗಿನ ಚಕ್ರ

ಜೀವಶಾಸ್ತ್ರದ ಪಠ್ಯಪುಸ್ತಕ ಬರೆಯುವವರ ಮೇಲೆ ನನಗೆ ಎಂದೂ ಗೌರವ ಇರಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ಅವರು ಜೀವಕೋಶದ ಚಿತ್ರ ಬಿಡಿಸುತ್ತ ಬಂದಿದ್ದಾರೆ. ಕೋಶಕೇಂದ್ರದ ಪಕ್ಕದಲ್ಲಿ ಎರಡು ಪುಟ್ಟ ಪೀಪಾಯಿ ಕೂರಿಸುತ್ತಾರೆ, ಅಲ್ಲಿಂದ ಒಂದು ಗೆರೆ ಎಳೆದು ‘ಸೆಂಟ್ರಿಯೋಲ್’ ಎಂದು ಹೆಸರು ಬರೆಯುತ್ತಾರೆ, ಕೆಳಗೆ ‘ಕೋಶ ವಿಭಜನೆಗೆ ನೆರವಾಗುತ್ತದೆ’ ಎಂದು ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಹೇಗೆ ನೆರವಾಗುತ್ತದೆ? ಅದನ್ನು ಕೇಳಿದರೆ ಅಂಕ ಸಿಗುವುದಿಲ್ಲ, ಆದ್ದರಿಂದ ಯಾರೂ ಕೇಳುವುದಿಲ್ಲ. ಹಾಗೆ ಕೇಳದೆ ಪಾಸಾದವರೇ ಮುಂದೆ ಪ್ರಾಧ್ಯಾಪಕರಾಗಿ ಮತ್ತೆ ಅದೇ ಪೀಪಾಯಿ ಬಿಡಿಸುತ್ತಾರೆ.

ನಾನು ಇಂದುಮತಿ ಸವಣೂರ. ಧಾರವಾಡದ ಹೊರಗೆ ಗುಡ್ಡದ ಮೇಲಿನ ಕೋಶ ಸಂಶೋಧನಾ ಕೇಂದ್ರದಲ್ಲಿ ಆ ಪೀಪಾಯಿಯನ್ನೇ ನೋಡುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಅದರ ಗೋಡೆ ಒಂಬತ್ತು ಅಲಗುಗಳಿಂದ ಆಗಿದೆ, ಒಂದೊಂದು ಅಲಗೂ ಮೂರು ಸೂಕ್ಷ್ಮ ಕೊಳವೆಗಳ ಜೋಡಣೆ. ಅಲಗುಗಳು ನೇರವಾಗಿಲ್ಲ. ಒಂಬತ್ತೂ ಒಂದೇ ಕಡೆಗೆ ಓರೆಯಾಗಿವೆ, ನೀರೆತ್ತುವ ಪಂಪಿನೊಳಗಿನ ಚಕ್ರದ ಅಲಗುಗಳ ಹಾಗೆ. ಓರೆ ಅಲಗಿನ ಚಕ್ರವನ್ನು ಕಂಡ ಮೇಲೂ ‘ಇದು ತಿರುಗುತ್ತದೆಯೇ’ ಎಂದು ಕೇಳದ ನೂರು ವರ್ಷಗಳ ಪಾಂಡಿತ್ಯಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ತಿರುಗುತ್ತದೆ. ನಾನು ನೋಡಿದೆ. ಅಲಗಿನ ತುದಿಗೆ ಹೊಳೆಯುವ ಕಣವೊಂದನ್ನು ಅಂಟಿಸಿ ಕಾದಾಗ, ಕೋಶ ವಿಭಜನೆಗೆ ಸಿದ್ಧವಾದ ಗಳಿಗೆಯಲ್ಲಿ ಆ ಕಣ ಸುತ್ತತೊಡಗಿತು. ಒಂದು ಜೋಡಿ ಎರಡು ಜೋಡಿಯಾಗಿ ಕೋಶದ ಎರಡು ತುದಿ ಸೇರುತ್ತದೆ. ಎರಡೂ ತುದಿಯಲ್ಲಿ ಚಕ್ರ ತಿರುಗಿ ಒಳಗಿನ ದ್ರವದಲ್ಲಿ ಸುಳಿ ಏಳುತ್ತದೆ. ಸುಳಿಯ ಒತ್ತಡಕ್ಕೆ ಕ್ರೋಮೋಸೋಮುಗಳು ಎರಡೂ ಕಡೆಯಿಂದ ದೂಡಿಸಿಕೊಂಡು ನಡುವಿಗೆ ಬಂದು ಸಾಲಾಗಿ ನಿಲ್ಲುತ್ತವೆ. ಆಗ ಚಕ್ರ ನಿಲ್ಲುತ್ತದೆ. ದೂಡುವ ಬಲ ಹೋದ ಮೇಲೆ ಅವನ್ನು ತುದಿಗಳ ಕಡೆ ಎಳೆಯುವ ಸೂಕ್ಷ್ಮ ದಾರಗಳ ಕೈ ಮೇಲಾಗಿ, ಕ್ರೋಮೋಸೋಮು ಎರಡು ಪಾಲಾಗಿ, ಒಂದು ಕೋಶ ಎರಡಾಗುತ್ತದೆ. ಚಕ್ರ ನಿಲ್ಲದಿದ್ದರೆ? ಕೋಶ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತೇ ಬಿಡುತ್ತದೆ. ಒಡೆಯಲಾರದು, ಹಿಂದಕ್ಕೂ ಹೋಗಲಾರದು. ಹೆಚ್ಚು ಹೊತ್ತು ಹಾಗೆ ನಿಂತರೆ ಸಾಯುತ್ತದೆ.

ನಮ್ಮ ನಿರ್ದೇಶಕರು ಡಾ. ಶ್ರೀಪಾದ ಗಲಗಲಿ. ವಿಜ್ಞಾನಿ ಎನ್ನುವ ಪದವನ್ನು ಅವರ ಹೆಸರಿನ ಹಿಂದೆ ಹಚ್ಚುವಾಗ ನನಗೆ ಬರವಣಿಗೆಯ ಮೇಲೇ ಬೇಸರ ಬರುತ್ತದೆ. ನಾನು ಹೋಗಿ ಹೇಳಿದಾಗ ಅವರು ಕನ್ನಡಕ ಒರೆಸುತ್ತ ನಕ್ಕರು.

“ಸವಣೂರ ಮೇಡಮ್, ಜೀವಕೋಶದಾಗ ಪಂಪು ಅದ ಅಂತೀರಿ. ನಾಳೆ ನಲ್ಲಿನೂ ಅದ ಅಂತೀರಿ. ಪ್ಲಂಬರನ್ನ ಕರಸೋಣೇನು?”

ಅವರ ಸುತ್ತ ಕೂತಿದ್ದ ನಾಲ್ಕು ಜನ ಹಿರಿಯ ವಿಜ್ಞಾನಿಗಳು ನಕ್ಕರು. ನಿರ್ದೇಶಕರು ನಕ್ಕಾಗ ನಗುವುದು ಅವರ ಮುಖ್ಯ ಸಂಶೋಧನೆಯಾಗಿತ್ತು.

ನಾನು ವಾದ ಮಾಡಲಿಲ್ಲ. ಒಂದು ತಂತಿಯ ಸುರುಳಿ ಮಾಡಿದೆ. ಮಿಡಿಯುವ ಕಾಂತಕ್ಷೇತ್ರದ ತಾಳ ಈ ಚಕ್ರದ ತಾಳಕ್ಕೆ ಸರಿಯಾಗಿ ಕೂಡಿದರೆ ಚಕ್ರ ನಿಲ್ಲುವುದನ್ನು ಮರೆಯುತ್ತದೆ. ಇದಕ್ಕೆ ಒಂದು ವಿಶೇಷ ಮಿಶ್ರಲೋಹದ ತಂತಿಯೇ ಬೇಕಿತ್ತು. ಅದು ದೇಶದಲ್ಲಿ ಒಂದೇ ಕಡೆ, ಬಹಳ ಸ್ವಲ್ಪ ತಯಾರಾಗುತ್ತಿತ್ತು. ಒಂದೇ ಸುರುಳಿಗೆ ಆಗುವಷ್ಟು ಸಿಕ್ಕಿತು. ಅದನ್ನು ಕೆನ್ನೆಗೆ ಹಿಡಿಸುವ ಹಾಗೆ ಒಂದು ಪಟ್ಟಿಯಲ್ಲಿ ಕೂರಿಸಿದೆ. ಕೆನ್ನೆಗೇ ಯಾಕೆಂದರೆ ನಮ್ಮ ಕಡೆ ತಂಬಾಕು ತಿಂದು ಬಾಯಿ ಹುಣ್ಣಾಗಿ, ಹುಣ್ಣು ಗಡ್ಡೆಯಾಗಿ ಸಾಯುವವರಿಗೆ ಕೊರತೆಯಿಲ್ಲ.

ಮೊದಲ ರೋಗಿಯಾಗಿ ಬಂದವನು ಅಮ್ಮಿನಭಾವಿಯ ರುದ್ರಪ್ಪ ಕಡಕೋಳ. ಸರ್ಕಾರಿ ಬಸ್ಸಿನ ಚಾಲಕ. ಸ್ಟೇರಿಂಗ್ ಹಿಡಿದಷ್ಟು ಹೊತ್ತೂ ಎಡಗೆನ್ನೆಯಲ್ಲಿ ತಂಬಾಕು ಇಟ್ಟುಕೊಂಡು ಅಲ್ಲೇ ಗಡ್ಡೆ ಬೆಳೆಸಿಕೊಂಡಿದ್ದ. ಅವನ ಮೇಲೂ ನನಗೆ ಮೊದಲು ಸಿಟ್ಟೇ ಬಂತು.

“ತಂಬಾಕಿನ ಪುಡಿಕೆ ಮ್ಯಾಲೆ ಚಿತ್ರ ಹಾಕಿರ್ತಾರಲ್ಲ, ನೋಡಿರಲಿಲ್ಲೇನು?” ಎಂದೆ.

“ನೋಡಿದ್ನಿರಿ, ಡಾಕ್ಟರಕ್ಕಾರ,” ಎಂದ. “ಆ ಚಿತ್ರದಾನ ಮನಷ್ಯಾ ನಮ್ಮ ಡಿಪೋ ಮ್ಯಾನೇಜರನ ಹಂಗ ಕಾಣತಿದ್ದ. ಅವಂಗ ಆಗ್ಯದ ಅಂತ ಖುಷಿ ಪಟ್ನಿ.”

ನಾನು ನಗಲಿಲ್ಲ. ಪಕ್ಕದಲ್ಲಿದ್ದ ಅವನ ಹೆಂಡತಿ ನೀಲವ್ವ ಅವನ ತೊಡೆಗೆ ಗುದ್ದಿದಳು.

ಪ್ರತಿದಿನ ಬಂದು ಪಟ್ಟಿ ಹಾಕಿಕೊಂಡು ಕೂರುತ್ತಿದ್ದ. ಎರಡು ತಿಂಗಳು ತುಂಬುವಷ್ಟರಲ್ಲಿ ಗಡ್ಡೆ ಬೆಳೆಯುವುದು ನಿಂತಿತು, ಆಮೇಲೆ ಅಂಚಿನಲ್ಲಿ ಕುಗ್ಗತೊಡಗಿತು. ಗಡ್ಡೆಯ ಕೋಶಗಳಿಗೆ ಒಡೆಯುವ ಅವಸರ ಹೆಚ್ಚು, ಹಾಗಾಗಿ ಹೊಸ್ತಿಲಲ್ಲಿ ಸಿಕ್ಕಿಬೀಳುವವೂ ಅವೇ ಹೆಚ್ಚು. ಅವು ಸಾಯತೊಡಗಿದವು. ಒಂದೇ ಒಂದು ಅಡ್ಡಪರಿಣಾಮವಿತ್ತು. ಪಟ್ಟಿ ತಾಗುವ ಕಡೆ ರುದ್ರಪ್ಪನ ಗಡ್ಡ ಬೆಳೆಯುತ್ತಿರಲಿಲ್ಲ. ಕ್ಷೌರ ಮಾಡಿದ ದಿನ ಹೇಗಿತ್ತೋ ಹಾಗೇ ನುಣ್ಣಗೆ ಉಳಿದಿತ್ತು.

ಆ ನುಣುಪು ಕೆನ್ನೆಯೇ ಎಲ್ಲವನ್ನೂ ಹಾಳುಮಾಡಿತು.

ಒಂದು ದಿನ ಗಲಗಲಿ ಪ್ರಯೋಗಾಲಯಕ್ಕೆ ಬಂದರು. ಗಡ್ಡೆಯ ಕಡೆ ನೋಡಲಿಲ್ಲ. ರುದ್ರಪ್ಪನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಬೆರಳಿನಿಂದ ಸವರಿ ನೋಡಿದರು. ಸಂತೆಯಲ್ಲಿ ಎತ್ತು ನೋಡುವವರಿಗೂ ಅದಕ್ಕಿಂತ ಮರ್ಯಾದೆ ಇರುತ್ತದೆ.

“ಕೂದಲ ಬೆಳೆಯೂದಿಲ್ಲ. ಚರ್ಮ ಉದುರೂದಿಲ್ಲ. ಕೋಶ ಒಡಿಯೂದಿಲ್ಲ ಅಂದ್ರ ಮುಪ್ಪ ಬರೂದಿಲ್ಲ,” ಎಂದರು.

“ಸರ್, ಅದು ಹಂಗಲ್ಲ. ಕೋಶ ಒಡೆಯೋದು ಮುಪ್ಪಲ್ಲ, ರಿಪೇರಿ. ಅದನ್ನ ನಿಲ್ಲಿಸಿದ್ರ ಹಳೇ ಕೋಶಗಳು ಹಳೇವ ಆಗಿ ಉಳೀತಾವ. ಹೊಸಾವು ಬರೂದಿಲ್ಲ, ಅಷ್ಟ.”

ಅವರು ಕೇಳಿಸಿಕೊಳ್ಳಲಿಲ್ಲ. ಅವರ ಮುಖದ ಮೇಲೆ ಆಗ ಮೂಡಿದ ಭಾವವನ್ನು ನಾನು ಮದುವೆಯ ಊಟದಲ್ಲಿ, ಎಲೆಗೆ ಹೋಳಿಗೆ ಬರುವಾಗ ಕಂಡಿದ್ದೇನೆ.

ವರ್ಷ ತಿರುಗುವುದರೊಳಗೆ ಹುಬ್ಬಳ್ಳಿಯಲ್ಲಿ ‘ಸ್ಥಿರಾಸನ’ ಬಂತು. ಹೆಸರಿಟ್ಟವರು ಗಲಗಲಿಯವರೇ. ಒಂದು ಕಂಪನಿ ಕುರ್ಚಿಯ ಬೆನ್ನಿನಲ್ಲಿ, ಕೈಯಲ್ಲಿ, ಕಾಲಿಡುವಲ್ಲಿ ಸುರುಳಿಗಳನ್ನು ಅಡಗಿಸಿತು. ದಿನಕ್ಕೊಂದು ತಾಸು ಕೂತರೆ ಸಾಕು, ಇಂದಿನ ವಯಸ್ಸೇ ಎಂದಿಗೂ, ಎಂದಿತು ಜಾಹೀರಾತು. ನನ್ನನ್ನು ನೋಡಿ ಪಂಪು ಎಂದು ನಕ್ಕ ಮನುಷ್ಯ ಈಗ ಟಿವಿಯಲ್ಲಿ ಕೈ ತಿರುಗಿಸಿ ತಿರುಗಿಸಿ ‘ನಮ್ಮೊಳಗಿನ ಚಕ್ರ’ದ ವಿಷಯ ಹೇಳುತ್ತಿದ್ದರು. ಸೆಂಟ್ರಿಯೋಲಿಗೂ ಯೋಗದ ಚಕ್ರಗಳಿಗೂ ಗಂಟು ಹಾಕಿದರು. ಎದುರಿಗೆ ಕೂತ ನಿರೂಪಕಿ ಕೈ ಮುಗಿದಳು.

ಜನ ಮುಗಿಬಿದ್ದರು. ಜನರ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವೇನೂ ಮೊದಲೂ ಇರಲಿಲ್ಲ, ಆದರೂ ಇಷ್ಟು ಬೇಗ ಹೀಗಾಗಬಹುದು ಎಂದುಕೊಂಡಿರಲಿಲ್ಲ. ಗಂಡಸರು ವಾರಗಟ್ಟಲೆ ಕ್ಷೌರ ಮಾಡದ ನುಣ್ಣನೆಯ ಗಲ್ಲ ಸವರಿಕೊಳ್ಳುತ್ತ ಓಡಾಡಿದರು. ಹೆಂಗಸರ ಉಗುರಿಗೆ ಹಚ್ಚಿದ ಬಣ್ಣ ಬುಡದಿಂದ ಸರಿಯುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಗೌರವ ಮದರಂಗಿಗೆ. ಚರ್ಮ ಉದುರಿ ಹೊಸದಾಗದ ಕಾರಣ ಅಂಗೈಗೆ ಹಚ್ಚಿದ ಮದರಂಗಿ ತಿಂಗಳಾದರೂ ಮೊದಲ ದಿನದ ಕೆಂಪಿನಲ್ಲೇ ಇರುತ್ತಿತ್ತು. ಸಮಾರಂಭಗಳಲ್ಲಿ ಹೆಂಗಸರು ನಮಸ್ಕಾರ ಮಾಡುವ ಬದಲು ಅಂಗೈ ತೋರಿಸುವ ಹಾಗಾಯಿತು. ಯಾರ ಕೈಯ ಬಣ್ಣ ಮಾಸಿದೆಯೋ ಅವರು ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದರು.

ನಮ್ಮ ಮನೆಯಲ್ಲೂ ಒಂದು ಜೊತೆ ಅಂಗೈ ಇತ್ತು. ನಾನು ಮದುವೆಯಾದವಳಲ್ಲ. ಮಾಳಮಡ್ಡಿಯಲ್ಲಿ ಅಣ್ಣನ ಮನೆಯಲ್ಲೇ ಇದ್ದೇನೆ. ಅಣ್ಣನಿಗೆ ರೈಲ್ವೆಯಲ್ಲಿ ಕೆಲಸ, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಮನೆಯಲ್ಲಿರುವವರು ನಾನು, ಅಣ್ಣನ ಹೆಂಡತಿ, ನನ್ನ ವೈನಿ, ಮಂದಾಕಿನಿ. ಒಂದು ಸಂಜೆ ನಾನು ಕೆಲಸದಿಂದ ಬಂದಾಗ ವೈನಿ ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದವಳು ಪಾತ್ರೆ ಬಿಟ್ಟು ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು.

“ನೋಡು. ಶ್ರಾವಣದಾಗ ಹಚ್ಚಿದ್ದು.”

“ವೈನಿ, ಯಾವಾಗಿಂದ ಹೊಂಟೀರಿ ಅಲ್ಲಿಗೆ?”

“ಮಹಿಳಾ ಮಂಡಳದವರೆಲ್ಲಾ ಹೋಗ್ತಾರ. ನಿನ್ನ ಹೆಸರು ಹೇಳಿದ್ರ ಮುಂದಿನ ಸಾಲಿನಾಗ ಕೂಡಸ್ತಾರ ಗೊತ್ತದೇನು? ಇವರ ನಾದಿನಿನ ಅದನ್ನ ಕಂಡುಹಿಡಿದಾಕಿ ಅಂತ.”

“ನಾ ಅದನ್ನ ಕಂಡುಹಿಡಿದಿಲ್ಲ. ನಾ ಕಂಡುಹಿಡಿದದ್ದನ್ನ ಅವ ಹಾಳು ಮಾಡ್ಯಾನ. ವೈನಿ, ಕೇಳ್ರಿ. ನಿಮ್ಮ ಬಾಯಿ ಒಳಗಿನ ಚರ್ಮ, ಕರುಳಿನ ಒಳಗಿನ ಪದರ, ಇವೆಲ್ಲ ದಿನಾ ಸವೀತಾವ, ದಿನಾ ಹೊಸಾವು ಬರ್ತಾವ. ನೀವು ಆ ಕುರ್ಚಿ ಮ್ಯಾಲೆ ಕೂತು ಹೊಸಾವು ಬರೋದನ್ನ ನಿಲ್ಲಿಸ್ಲಿಕತ್ತೀರಿ.”

ವೈನಿ ಕೈ ಹಿಂದೆ ತೆಗೆದುಕೊಂಡಳು. “ನಿನಗ ಒಂದು ಒಳ್ಳೇದು ಕಂಡ್ರ ತಡೀಲಿಕ್ಕೆ ಆಗೂದಿಲ್ಲ, ಇಂದೂ. ಮೊದಲಿಂದನೂ ಹಂಗ. ಎಲ್ಲಾರೂ ದಡ್ಡರು, ನೀ ಒಬ್ಬಾಕಿನ ಶಾಣ್ಯಾ.”

ಹೌದು, ಹಾಗೇ ಎಂದುಕೊಂಡಿದ್ದೆ. ಚಹಾ ಕುಡಿಯದೆ ನನ್ನ ಕೋಣೆಗೆ ಹೋದೆ. ಐವತ್ತು ದಾಟಿದ ಹೆಂಗಸು ಅಂಗೈ ತೋರಿಸಿಕೊಂಡು ಕುಣಿಯುವುದು ಕಂಡು ಅಂದು ನನಗಾದದ್ದು ಬರಿಯ ಹೇಸಿಗೆ.

ಅದೇ ತಿಂಗಳು ರುದ್ರಪ್ಪನ ಪಟ್ಟಿ ಹೋಯಿತು. ಕಂಪನಿಗೆ ಆ ಮಿಶ್ರಲೋಹ ಸಾಲದಾಗಿತ್ತು. ದೊಡ್ಡ ಮನುಷ್ಯರೊಬ್ಬರ ಮನೆಗೆ ಕುರ್ಚಿ ತುರ್ತಾಗಿ ಹೋಗಬೇಕಿತ್ತು, ತಂತಿ ಎಲ್ಲೂ ಇರಲಿಲ್ಲ. ಗಲಗಲಿ ಇಬ್ಬರು ಸೆಕ್ಯುರಿಟಿಯವರನ್ನು ಕರೆದುಕೊಂಡು ಪ್ರಯೋಗಾಲಯಕ್ಕೆ ಬಂದರು. ಪಟ್ಟಿ ರುದ್ರಪ್ಪನ ಕೆನ್ನೆಯ ಮೇಲೇ ಇತ್ತು.

“ತಾತ್ಕಾಲಿಕ, ಮೇಡಮ್. ಹೊಸಾ ತಂತಿ ಬಂದ ಕೂಡಲೆ ಮೊದಲನೇ ಸುರುಳಿ ನಿಮಗ.”

“ಗಡ್ಡೆ ತಾತ್ಕಾಲಿಕ ಸುಮ್ಮನಿರ್ತದೇನು?”

“ಭಾವುಕರಾಗಬ್ಯಾಡ್ರಿ. ಒಬ್ಬ ರೋಗಿ ಒಂದು ಕಡೆ, ಮನುಕುಲದ ತಾರುಣ್ಯ ಒಂದು ಕಡೆ.”

ನಾನು ಸುರುಳಿಯ ಮೇಲೆ ಕೈಯಿಟ್ಟು ನಿಂತೆ. ಸೆಕ್ಯುರಿಟಿಯವರು ಹಿಂಜರಿದರು. ಆಗ ರುದ್ರಪ್ಪನೇ ತಾನಾಗಿ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ.

“ಬಿಡ್ರಿ ಅಕ್ಕಾರ. ನನ್ನ ಸಲವಾಗಿ ನಿಮ್ಮ ನೌಕರಿ ಹೋದ್ರ, ನಾಳೆ ಪಟ್ಟಿ ಬಂದಾಗ ಹಾಕಾಕ ಯಾರ ಇರ್ತಾರ?”

ಹೊಸ ತಂತಿ ಬಂತು. ಬಂದದ್ದೆಲ್ಲ ಕುರ್ಚಿಗಳಿಗೆ ಹೋಯಿತು. ರುದ್ರಪ್ಪನ ಗಡ್ಡೆ ಕಳೆದುಕೊಂಡ ದಿನಗಳನ್ನೆಲ್ಲ ಬಡ್ಡಿ ಸಮೇತ ವಸೂಲು ಮಾಡುವಂತೆ ಬೆಳೆಯಿತು. ದೀಪಾವಳಿಯ ಮುಂಚೆ ಅವನ ಎಡದವಡೆಯ ಅರ್ಧವನ್ನು ಕೊಯ್ದು ತೆಗೆದರು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ನೀಲವ್ವ ನನ್ನೊಡನೆ ಮಾತಾಡಲಿಲ್ಲ, ಕುರ್ಚಿ ಮಾತ್ರ ಸರಿಸಿಕೊಟ್ಟಳು. ಅವನು ಏನೋ ಹೇಳಿದ. ನನಗೆ ಅರ್ಥವಾಗಲಿಲ್ಲ. ಮೂರು ಸಲ ಹೇಳಿಸಿದ ಮೇಲೆ ತಿಳಿಯಿತು. ‘ಕೂಡ್ರಿ’ ಎನ್ನುತ್ತಿದ್ದ.

ಇತ್ತ ತಾರುಣ್ಯದ ಮುಖ ಬದಲಾಗತೊಡಗಿತ್ತು. ಮೊದಲು ಬಾಯಿ ಹುಣ್ಣು. ಔಷಧಿ ಅಂಗಡಿಗಳಲ್ಲಿ ಬಾಯಿಗೆ ಹಚ್ಚುವ ಮುಲಾಮು ಸಿಗದ ಹಾಗಾಯಿತು. ಆಮೇಲೆ ಹೊಟ್ಟೆ. ಊಟ ಒಳಗೆ ನಿಲ್ಲದೆ ಜನ ಬಡಕಲಾದರು. ಕುರ್ಚಿಯ ಕಂಪನಿ ಅದಕ್ಕೆ ‘ಶುದ್ಧೀಕರಣ’ ಎಂದು ಹೆಸರಿಟ್ಟಿತು, ಜನ ನಂಬಿದರು. ಕೂದಲು ಗೊಂಚಲು ಗೊಂಚಲಾಗಿ ಉದುರಿದಾಗ ಟೊಪ್ಪಿಗೆ ಹಾಕಿಕೊಂಡು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತರು. ಸಣ್ಣ ಗಾಯಗಳು ಮಾಯದೆ ಉಳಿದವು. ಚಪ್ಪಲಿ ಕಚ್ಚಿದ ಕಾಲು ಕೀವಾಗಿ ಬೆರಳು ತೆಗೆಸಿಕೊಂಡವರಿದ್ದರು. ಹೆರಿಗೆಯ ಹೊಲಿಗೆ ಕೂಡಿಕೊಳ್ಳದೆ ಒಬ್ಬ ಬಾಣಂತಿ ಹುಬ್ಬಳ್ಳಿಯಲ್ಲಿ ತೀರಿಕೊಂಡಳು. ಗಲಗಲಿಯವರನ್ನು ಕೇಳಿದರೆ ಅದು ಆಸ್ಪತ್ರೆಯ ನಿರ್ಲಕ್ಷ್ಯ ಎಂದರು.

ವೈನಿ ಒಂದು ಬೆಳಿಗ್ಗೆ ಈಳಿಗೆಯಲ್ಲಿ ಬದನೆಕಾಯಿ ಹೆಚ್ಚುವಾಗ ಹೆಬ್ಬೆರಳು ಕೊಯ್ದುಕೊಂಡಳು. ಸಣ್ಣ ಗಾಯ. ವಾರವಾದರೂ ಬಾಯಿ ತೆರೆದೇ ಇತ್ತು. ಬಟ್ಟೆ ಸುತ್ತಿ ನನ್ನಿಂದ ಮುಚ್ಚಿಟ್ಟಳು. ಒಂದು ದಿನ ನಾನು ಊಟಕ್ಕೆ ಕೂತಾಗ ನನಗೆ ರೊಟ್ಟಿ ಬಡಿಸಿ, ತಾನು ಮಜ್ಜಿಗೆ ಅನ್ನವನ್ನು ಕಿವುಚಿ ನೀರು ಮಾಡಿಕೊಂಡು ಕುಡಿಯುತ್ತಿದ್ದಳು. ಉಪ್ಪು ಸಹ ಹಾಕಿಕೊಂಡಿರಲಿಲ್ಲ.

“ಬಾಯಿ ತಗೀರಿ,” ಎಂದೆ.

ತೆಗೆದಳು. ಒಳಗೆ ಹಸಿಮಾಂಸ. ನಾಲಿಗೆಯ ಅಂಚು ಸುಲಿದಿತ್ತು.

“ಇವತ್ತಿಂದ ಬಂದ್,” ಎಂದೆ.

“ಬಿಟ್ಟ ಮೂರ ವಾರ ಆತು,” ಎಂದಳು. “ನಿನಗ ಹೇಳ್ಲಿಕ್ಕೆ ನಾಚಿಕಿ ಬಂತು. ನೀ ನಗ್ತೀ ಅಂತ.”

ನಾನು ನಗುತ್ತಿದ್ದೆ, ಅದರಲ್ಲಿ ಸುಳ್ಳಿಲ್ಲ. ಮೂರು ವಾರ ಈ ಹೆಂಗಸು ನೋವಿಗಿಂತ ನನ್ನ ನಗೆಗೆ ಹೆಚ್ಚು ಹೆದರಿ ಸುಮ್ಮನಿದ್ದಳು. ಅಂದು ಸಂಜೆಯಿಂದ ಅವಳ ಬೆರಳಿಗೆ ನಾನೇ ಮುಲಾಮು ಹಚ್ಚಿದೆ. ಕುರ್ಚಿ ಬಿಟ್ಟ ಮೇಲೆ ಚಕ್ರಗಳು ನಿಧಾನವಾಗಿ ತಮ್ಮ ತಾಳಕ್ಕೆ ಮರಳುತ್ತವೆ. ಸಂಕ್ರಾಂತಿಯ ಹೊತ್ತಿಗೆ ಗಾಯ ಕೂಡಿತು, ಮದರಂಗಿ ಸಿಪ್ಪೆಯಾಗಿ ಎದ್ದುಹೋಯಿತು.

ಬಾಣಂತಿಯ ತವರಿನವರು ಗಲಾಟೆ ಎಬ್ಬಿಸಿದ್ದರಿಂದ ಸರ್ಕಾರ ವಿಚಾರಣೆಗೆ ಸಮಿತಿ ನೇಮಿಸಿತು. ಐದು ಜನ. ಅಧ್ಯಕ್ಷರು ಒಬ್ಬ ನಿವೃತ್ತ ಕುಲಪತಿ, ಗಲಗಲಿಯವರ ಹಳೆಯ ಗೆಳೆಯ. ವಿಚಾರಣೆಯ ಬೆಳಿಗ್ಗೆ ಗಲಗಲಿ ನನ್ನನ್ನು ಮೆಟ್ಟಿಲ ಬಳಿ ತಡೆದರು.

“ನಾ ಏನ್ ಹೇಳವ ಇದ್ದೀನಿ ಕೇಳ್ರಿ. ಸೆಂಟ್ರಿಯೋಲು ತಿರುಗೂದಿಲ್ಲ.”

“ಏನಂದ್ರಿ?”

“ತಿರುಗೂದಿಲ್ಲ. ಅದು ಬರೇ ಒಂದು ಊಹೆ ಇತ್ತು. ತಿರುಗೂದಿಲ್ಲ ಅಂದ್ರ ಸುರುಳಿಯಿಂದ ಏನೂ ಆಗೂದಿಲ್ಲ. ಏನೂ ಆಗೂದಿಲ್ಲ ಅಂದ್ರ ಅಪಾಯನೂ ಆಗೂದಿಲ್ಲ. ಜನಕ್ಕ ಬ್ಯಾರೆ ಏನೋ ರೋಗ ಬಂದದ. ತಿಳೀತೇನು? ನೀವೂ ಇದನ್ನ ಹೇಳ್ರಿ. ಅದು ತಿರುಗ್ತದ ಅಂದ್ರ ಮೊದಲನೇ ಆರೋಪಿ ನೀವ. ಕಂಡುಹಿಡಿದಾಕಿ ನೀವಲ್ಲೇನು?”

ಆ ತರ್ಕದ ಅಚ್ಚುಕಟ್ಟಿಗೆ ನಾನು ಬೆರಗಾದೆ. ಅವರ ಬುದ್ಧಿ ಇಷ್ಟು ಚುರುಕಾಗಿ ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಳಗೆ ಗಲಗಲಿ ಅದನ್ನೇ ಹೇಳಿದರು. ಅವರ ನಾಲ್ವರು ಹಿರಿಯ ವಿಜ್ಞಾನಿಗಳು ಒಬ್ಬೊಬ್ಬರಾಗಿ ಎದ್ದು, ಸೆಂಟ್ರಿಯೋಲ್ ತಿರುಗುವ ಸಾಧ್ಯತೆ ಇಲ್ಲವೆಂದು ಸಾಕ್ಷಿ ಹೇಳಿದರು. ಇವರೇ ಹೋದ ವರ್ಷ ಸ್ಥಿರಾಸನದ ಉದ್ಘಾಟನೆಯಲ್ಲಿ ರೇಷ್ಮೆ ಶಾಲು ಹೊದ್ದು ಕೂತವರು. ನನ್ನ ಸರದಿ ಬಂದಾಗ ನನ್ನ ಕೆನ್ನೆಯ ಒಳಗಿನಿಂದ ತೆಗೆದು ಬೆಳೆಸಿದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಗೋಡೆಯ ಪರದೆಗೆ ಹಚ್ಚಿದೆ. ಕತ್ತಲ ಹಿನ್ನೆಲೆಯಲ್ಲಿ ಹಸಿರು ಕಣವೊಂದು ಸುತ್ತುತ್ತಿತ್ತು. ಸುತ್ತಿ ಸುತ್ತಿ ನಿಂತಿತು. ಕೋಶ ಎರಡಾಯಿತು. ಸಾಕ್ಷ್ಯಕ್ಕೆಂದು ತಂದಿಟ್ಟ ಕುರ್ಚಿಯೊಂದನ್ನು ಹತ್ತಿರ ಸರಿಸಿ ಅದರ ಸುರುಳಿ ಹಚ್ಚಿದೆ. ಪಕ್ಕದ ಕೋಶದ ಕಣ ಸುತ್ತತೊಡಗಿತು, ನಿಲ್ಲಲಿಲ್ಲ.

“ಇದು ತಿರುಗುತ್ತದೆ,” ಎಂದೆ. “ಇದನ್ನು ಕಂಡವಳು ನಾನು. ಸುರುಳಿ ಮಾಡಿದವಳೂ ನಾನು. ಗಡ್ಡೆ ನಿಲ್ಲಿಸಲು ಮಾಡಿದ್ದನ್ನು ಇವರು ಇಡೀ ಮೈಗೆ ಹಚ್ಚಿ ಮಾರಿದರು.”

ಅಧ್ಯಕ್ಷರು ಪರದೆಯ ಕಡೆ ನೋಡಲಿಲ್ಲ. ಚಹಾದ ಜೊತೆ ಬಂದ ಬಿಸ್ಕತ್ತನ್ನು ಅದ್ದುತ್ತಿದ್ದರು. ಅದು ಮುರಿದು ಕಪ್ಪಿನೊಳಗೆ ಬಿತ್ತು. “ವರದಿ ಕೊಡ್ರಿ, ಓದ್ತೀವಿ,” ಎಂದರು.

ತೀರ್ಪು ಬಂತು. ಸೆಂಟ್ರಿಯೋಲ್ ತಿರುಗುವ ವಿಷಯ ‘ಸಿದ್ಧಪಟ್ಟಿಲ್ಲ’. ಆದರೂ ಮುನ್ನೆಚ್ಚರಿಕೆಯಾಗಿ ಸುರುಳಿಯ ಎಲ್ಲ ಬಳಕೆಗೆ ನಿಷೇಧ, ರೋಗಿಗಳ ಮೇಲಿನ ಪ್ರಯೋಗಕ್ಕೂ. ನನ್ನನ್ನು ಅಮಾನತು ಮಾಡಲಾಯಿತು. ಗಲಗಲಿಯವರನ್ನು ದೆಹಲಿಯ ಒಂದು ಉನ್ನತ ಮಂಡಳಿಗೆ ಸದಸ್ಯರನ್ನಾಗಿ ಕರೆಸಿಕೊಂಡರು. ವಶಪಡಿಸಿಕೊಂಡ ಕುರ್ಚಿಗಳನ್ನು ತಂದು ನಮ್ಮ ಕೇಂದ್ರದ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದರ ಮೇಲೊಂದು ಒಟ್ಟಿದರು.

ಬೇಸಿಗೆಯಲ್ಲಿ ನೀಲವ್ವ ಮನೆಗೆ ಬಂದಳು. ಈ ಸಲ ಮಾತಾಡಿದಳು.

“ಕಿವಿ ಕೆಳಗ ಮತ್ತ ಬಂದೈತ್ರಿ. ಇನ್ನ ಕೊಯ್ಯಾಕ ಬರೂದಿಲ್ಲ ಅಂದ್ರು ಡಾಕ್ಟರು. ಆ ಪಟ್ಟಿ ಏನರ ಸಿಗತೈತೇನ್ರಿ?”

“ಬಂದ್ ಮಾಡ್ಯಾರ, ನೀಲವ್ವ. ಮುಟ್ಟಿದ್ರ ಜೈಲು.”

ಅವಳು ತಲೆಯಾಡಿಸಿ ಎದ್ದಳು. ಬೇಡಿಕೊಳ್ಳಲಿಲ್ಲ. ಅವಳು ಗೇಟು ದಾಟಿದ ಮೇಲೆ ವೈನಿ ಒಳಗಿಂದ ಬೋಲ್ಟು ಬಿಚ್ಚುವ ಪಾನಾ, ಇಕ್ಕಳ, ಜೋಳದ ಹಿಟ್ಟಿನ ಖಾಲಿ ಚೀಲ ತಂದು ನನ್ನ ಮುಂದೆ ಇಟ್ಟಳು.

“ನಡಿ.”

“ಎಲ್ಲಿಗೆ?”

“ಆ ಕುರ್ಚಿ ಬಿಚ್ಚಲಿಕ್ಕೆ. ಅದರ ಬೆನ್ನು ಯಾವ ಕಡೆ ತಗೀತದ ಅಂತ ನನಗ ಗೊತ್ತದ. ದಿನಾ ಅದಕ್ಕ ಒರಗಿ ಕೂತಾಕಿ ನಾ.”

“ವೈನಿ, ಕಳವು ಅಂತಾರ ಇದಕ್ಕ.”

“ಅನ್ನಲಿ. ನಿನ್ನ ಸಾಮಾನು ತರಲಿಕ್ಕೆ ಹೊಂಟೀವಿ ಅಂತ ಹೇಳೋಣು.”

ಹಾಡಹಗಲಲ್ಲೇ ಹೋದೆವು. ಗೇಟಿನವನು ನನ್ನ ಮುಖ ನೋಡಿ, ವೈನಿಯ ಚೀಲ ನೋಡಿ, ಒಳಗೆ ಬಿಟ್ಟ. ಶೆಡ್ಡಿನ ಸೆಕೆಯಲ್ಲಿ ವೈನಿ ಸೆರಗು ಸೊಂಟಕ್ಕೆ ಸಿಗಿಸಿ, ಮಂಡಿಯೂರಿ, ಆ ನಯವಾದ ಕುರ್ಚಿಯ ಬೆನ್ನನ್ನು ಕಿತ್ತಳು. ಅದರ ಹೊದಿಕೆಯ ಮೇಲೆ ಬಂಗಾರದ ಅಕ್ಷರದಲ್ಲಿ ಏನೋ ಶ್ಲೋಕವಿತ್ತು. ಅದನ್ನು ಹರಿದು ಬದಿಗೆ ಒಗೆದಳು. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಅವಳನ್ನು ಅಷ್ಟು ವರ್ಷ ನೋಡಿದ್ದೆ. ಹಾಗೆ ನೋಡಿದ್ದು ಅಂದೇ.

ಅಮ್ಮಿನಭಾವಿಯ ರುದ್ರಪ್ಪನ ಮನೆಯ ಪಡಸಾಲೆಯಲ್ಲಿ, ಕುರ್ಚಿಯಿಂದ ಕಿತ್ತ ಸುರುಳಿಯೊಂದಿಗೆ, ಪಟ್ಟಿ ಮತ್ತೆ ಚಾಲೂ ಆಯಿತು. ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಕಿವಿಯ ಕೆಳಗಿನ ಗಂಟು ಬೆಳೆಯುವುದು ನಿಂತಿತು. ಅವನ ದವಡೆ ಕೊಯ್ದ ಸರ್ಜನ್ ಅದನ್ನು ಅಳೆದು ನೋಡಿ, ಏನೂ ಕೇಳದೆ, ಮಾರನೆಯ ವಾರ ಇನ್ನೊಬ್ಬ ರೋಗಿಗೆ ರುದ್ರಪ್ಪನ ಮನೆಯ ದಾರಿ ಹೇಳಿ ಕಳಿಸಿದ. ಆಮೇಲೆ ಇನ್ನೊಬ್ಬಳಿಗೆ. ನಾವು ಮತ್ತೆ ಶೆಡ್ಡಿಗೆ ಹೋದೆವು. ಪಡಸಾಲೆಯಲ್ಲಿ ಜಾಗ ಸಾಲದೆ ದನದ ಕೊಟ್ಟಿಗೆ ತೊಳೆದು ಸುಣ್ಣ ಬಳಿದರು. ಸುರುಳಿಗಳು ಕಾದು ಬಿಸಿಯಾಗುತ್ತಿದ್ದವು, ಕರೆಂಟು ಹೋಗುತ್ತಿತ್ತು, ಎರಡು ಸುಟ್ಟೇಹೋದವು. ಬಂದವರಲ್ಲಿ ಇಬ್ಬರು ತೀರಿಕೊಂಡರು. ಸರಿಯಾದ ಸಲಕರಣೆ ಇದ್ದಿದ್ದರೆ ಒಬ್ಬನಾದರೂ ಉಳಿಯುತ್ತಿದ್ದ.

ಆ ಚಳಿಗಾಲ ಹೊರದೇಶದ ಒಂದು ಪ್ರಯೋಗಾಲಯ ಸೆಂಟ್ರಿಯೋಲ್ ತಿರುಗುವುದನ್ನು ಕಂಡೆವೆಂದು ಪ್ರಕಟಿಸಿತು. ಜಗತ್ತೆಲ್ಲ ಕೊಂಡಾಡಿತು. ವಾರ ಕಳೆಯುವುದರೊಳಗೆ ನಮ್ಮ ಮನೆಯ ಮುಂದೆ ಸರ್ಕಾರಿ ಕಾರು ನಿಂತು, ಅದರಿಂದ ಗಲಗಲಿ ಇಳಿದರು. ಮೈ ತುಂಬಿಕೊಂಡಿದ್ದರು. ಕೂತು, ಮನೆ ಚೆಂದಾಗಿದೆ ಎಂದರು.

“ಮೇಡಮ್, ಇದನ್ನ ಮೊದಲ ಕಂಡುಹಿಡಿದವರು ನಾವು ಅಂತ ದೇಶಕ್ಕ ಗೊತ್ತಾಗಬೇಕು. ಮಂತ್ರಾಲಯಕ್ಕೂ ಅದ ಬೇಕಾಗ್ಯದ. ನಿಮ್ಮ ಅಮಾನತು ರದ್ದು. ಹೊಸಾ ಕೇಂದ್ರ ಆಗ್ತದ, ನಾ ಅಧ್ಯಕ್ಷ. ನೀವು ವೇದಿಕೆ ಮ್ಯಾಲೆ ನನ್ನ ಪಕ್ಕಕ್ಕ ಇದ್ರ ಸಾಕು.”

ವೈನಿ ಚಹಾ ತಂದು ಅವರ ಮುಂದೆ ಕುಕ್ಕಿದಳು. “ಬಿಸಿ ಅದ. ನಿಮಗೇನು, ಬಾಯಾಗ ಚರ್ಮ ಅದ, ಕುಡೀರಿ.”

ಅವರು ಮುಗುಳ್ನಕ್ಕರು. ಅವರಿಗೆ ಅದು ಅರ್ಥವೂ ಆಗಲಿಲ್ಲ ಎಂದು ಕಾಣುತ್ತದೆ.

ನಾನು ಆ ಮುಖವನ್ನೇ ನೋಡಿದೆ. ಅದರಲ್ಲಿ ನಾಚಿಕೆಯ ಒಂದು ಗೆರೆಯನ್ನಾದರೂ ಹುಡುಕಿದೆ, ಸಿಗಲಿಲ್ಲ. ಹೇಳಬೇಕಾದ ಮಾತುಗಳು ವರ್ಷಗಳಿಂದ ನನ್ನ ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದವು. ಅಮ್ಮಿನಭಾವಿಯ ಕೊಟ್ಟಿಗೆ ಕಣ್ಣ ಮುಂದೆ ಬಂತು.

“ಕೆಳಗಿನ ಮಹಡಿ ಪೂರ್ತಿ ರೋಗಿಗಳಿಗೆ,” ಎಂದೆ. “ತಂತಿ ಮೊದಲು ಅಲ್ಲಿಗೆ ಬರಬೇಕು. ಸುರುಳಿಗಳ ಮ್ಯಾಲೆ ನನ್ನ ಮಾತ ನಡೀಬೇಕು, ನಿಮ್ಮದಲ್ಲ. ಅಮ್ಮಿನಭಾವಿಯಾಗ ಪಟ್ಟಿ ಹಾಕಿಸಿಕೊಂಡ ರೋಗಿಗಳ ಮ್ಯಾಲೆ ಕೇಸು ಹಾಕಬಾರದು. ಇದೆಲ್ಲಾ ಸರ್ಕಾರದ ಆದೇಶದಾಗ ಬಂದ ಮ್ಯಾಲೆ ನಾ ವೇದಿಕೆ ಹತ್ತತೀನಿ.”

“ಅಷ್ಟ ಏನು?” ಎಂದರು. ಅವರಿಗೆ ಅದು ಬಹಳ ಅಗ್ಗವೆನಿಸಿತ್ತು.

ಕಾರು ಹೋದ ಮೇಲೆ ವೈನಿ ಅವರ ಕಪ್ಪು ಎತ್ತಿಕೊಂಡಳು. “ಆ ಚಹಾ ಅವನ ಮಾರಿಗೆ ಉಗ್ಗಬೇಕಿತ್ತು ನೀ.”

“ಉಗ್ಗಬಹುದಿತ್ತು, ವೈನಿ. ಆಮ್ಯಾಲೆ ರುದ್ರಪ್ಪನ್ನ ಎಲ್ಲಿ ಕೂಡಸಲಿ?”

ಆದೇಶ ಬಂತು. ಉದ್ಘಾಟನೆಯ ದಿನ ನಾನು ವೇದಿಕೆಯ ಮೇಲೆ ಗಲಗಲಿಯವರ ಪಕ್ಕದಲ್ಲಿ ಕೂತೆ. ಅವರ ಕೊರಳಲ್ಲಿ ಹಾರ. ನಾಲ್ವರು ಹಿರಿಯ ವಿಜ್ಞಾನಿಗಳು ಮುಂದಿನ ಸಾಲಿನಲ್ಲಿ. ಗಲಗಲಿ ಮೈಕು ಹಿಡಿದು, ತಾವು ಸೂಕ್ಷ್ಮದರ್ಶಕದ ಮುಂದೆ ಕೂತು ಆ ಹಸಿರು ಕಣ ಸುತ್ತುವುದನ್ನು ಮೊದಲ ಬಾರಿಗೆ ಕಂಡ ಗಳಿಗೆಯನ್ನು ವರ್ಣಿಸಿದರು. ಕಣ್ಣು ಒದ್ದೆ ಮಾಡಿಕೊಂಡರು. ಆ ಮನುಷ್ಯ ನನ್ನ ಸೂಕ್ಷ್ಮದರ್ಶಕದ ಮುಂದೆ ಒಂದು ದಿನವೂ ಕೂತವನಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕ್ಯಾಮೆರಾಗಳು ನನ್ನ ಕಡೆ ತಿರುಗಿದವು. ನಾನೂ ತಟ್ಟಿದೆ. ಅಂಗೈ ಉರಿಯುವಷ್ಟು ತಟ್ಟಿದೆ. ಒಳಗೆ ಅವನನ್ನು ತಿರಸ್ಕರಿಸುವುದನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ. ಅದಕ್ಕೆ ಯಾರ ಆದೇಶವೂ ಬೇಕಿರಲಿಲ್ಲ.

ಮಂತ್ರಿಗಳ ಭಾಷಣ ಶುರುವಾದಾಗ ಹಿಂದಿನ ಬಾಗಿಲಿನಿಂದ ಇಳಿದು ಕೆಳಗಿನ ಮಹಡಿಗೆ ಹೋದೆ. ಹೊಸ ಬಣ್ಣದ ವಾಸನೆ. ಗೋಡೆಯುದ್ದಕ್ಕೂ ಹೊಸ ಸುರುಳಿಗಳು, ಹೊಸ ಹಾಸಿಗೆಗಳು. ಅಮ್ಮಿನಭಾವಿಯವರೆಲ್ಲ ಬಂದು ಕೂತಿದ್ದರು. ನೀಲವ್ವ ರುದ್ರಪ್ಪನ ಪಟ್ಟಿಯ ಬಕಲು ಬಿಗಿಯುತ್ತಿದ್ದಳು.

ಉಳಿದರ್ಧ ದವಡೆಯಿಂದ ರುದ್ರಪ್ಪ ಮಾತಾಡಿದ. ಈಗ ನನಗೆ ಅವನ ಮಾತು ಒಂದೇ ಸಲಕ್ಕೆ ತಿಳಿಯುತ್ತದೆ.

“ಮುಗೀತೇನ್ರಿ ಅಕ್ಕಾರ, ಭಾಷಣ?”

“ಇಲ್ಲ. ಇನ್ನೂ ನಡದದ.”

“ಹಂಗಾರ ಬರ್ರಿ,” ಎಂದ. “ಚಾಲೂ ಮಾಡ್ರಿ.”

ನಾನು ಸ್ವಿಚ್ಚು ಒತ್ತಿದೆ.